ರೆಕ್ಕೆಯ ಆಚೆ ಬದಿ

ಆ ಮಂಗಳವಾರ ಸಂಜೆ ರೂಬೆನ್ ಕಿವೆಲಾ ಬಂದದ್ದು ಡ್ಯಾನ್ಸ್ ಮಾಡಲಿಕ್ಕೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಾಲಿಶ್ ಹಾಕಿದ ಕಪ್ಪು ಬೂಟು, ನೀರು ಹಚ್ಚಿ ನೇರವಾಗಿ ತೆಗೆದ ಬೈತಲೆ. ಗ್ಯಾರೇಜಿನ ಬಾಗಿಲು ತೆಗೆದ ಆರ್ಡಿಸ್ ವೆಲಾಂಡರ್ ಕಿವಿಗಳಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದಳು. ಅವಳ ಹಿಂದೆ ಬೆಳ್ಳಿ ಬಣ್ಣದ ಉದ್ದನೆಯ ರೆಕ್ಕೆಯೊಂದು ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಂತಿತ್ತು.

ಅವನು ರೆಕ್ಕೆಯನ್ನು ನೋಡಿದ, ಅವಳನ್ನು ನೋಡಿದ. "ಸಂಗೀತ ಎಲ್ಲಿ?" ಎಂದ.

"ಯಾವ ಸಂಗೀತ?"

"ಚರ್ಚಿನ ಬೋರ್ಡಲ್ಲಿ ಹಾಕಿದ್ದು ನೀವೇ ಅಲ್ವಾ? 'ಜೊತೆಗೊಬ್ಬರು ಬೇಕು. ಕೈ ಗಟ್ಟಿಯಿರಬೇಕು, ತಾಳ್ಮೆ ಇರಬೇಕು. ಮಂಗಳವಾರ ಸಂಜೆ.' ಪೋಲ್ಕಾ ಡ್ಯಾನ್ಸ್ ಕ್ಲಾಸಿನ ಚೀಟಿ ಪಕ್ಕದಲ್ಲೇ ಇತ್ತು."

ಆರ್ಡಿಸ್‌ಗೆ ನಗು ತಡೆಯಲಾಗಲಿಲ್ಲ. "ನನಗೆ ರಿವೆಟ್ ಹೊಡೆಯೋಕೆ ಜೊತೆ ಬೇಕಿತ್ತು. ವಿಮಾನ ಕಟ್ತಿದ್ದೀನಿ."

"ವಿಮಾನ," ಎಂದ ರೂಬೆನ್, ಅವಳು ಉಪ್ಪಿನಕಾಯಿ ಹಾಕುತ್ತಿದ್ದೇನೆ ಎಂದಿದ್ದರೆ ಹೇಗೋ ಹಾಗೆ. "ಹಾಗಾದ್ರೆ ಈ ಬೂಟು ದಂಡ."

"ದಂಡ ಯಾಕೆ? ಡ್ಯಾನ್ಸಿಗೂ ಇದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಒಬ್ಬರು ತಳ್ಳಬೇಕು, ಇನ್ನೊಬ್ಬರು ತಡೀಬೇಕು. ಇಬ್ಬರಲ್ಲಿ ಒಬ್ಬರು ತಪ್ಪಿದ್ರೂ ಕೆಟ್ಟಿತು."

ಅವನು ಶರ್ಟಿನ ತೋಳು ಮಡಚಿದ. ಅಂಗೈಯಲ್ಲಿ ಹಿಡಿಯುವಂಥ ಒಂದು ಉಕ್ಕಿನ ಗಟ್ಟಿಯನ್ನು ಅವಳು ಅವನ ಕೈಗಿತ್ತಳು. ಈಚೆಯಿಂದ ತಾನು ಗಾಳಿಯಿಂದ ನಡೆಯುವ ಗನ್ನಿನಲ್ಲಿ ರಿವೆಟ್ ಎಂಬ ಗಿಡ್ಡ ಮೊಳೆಯ ತಲೆಯನ್ನು ಬಡಿಯುವಾಗ ಆಚೆಯಿಂದ ಅದರ ಬಾಲಕ್ಕೆ ಈ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಆಗ ಬಾಲ ಚಪ್ಪಟೆಯಾಗಿ ತಗಡು ಬಿಗಿಯುತ್ತದೆ ಎಂದು ವಿವರಿಸಿದಳು. ಅವನು ರೆಕ್ಕೆಯ ಆಚೆ ಬದಿಗೆ ಹೋದ. ಅವಳಿಗೆ ಅವನ ಹೊಳೆಯುವ ಬೂಟುಗಳು ಮಾತ್ರ ಕಾಣುತ್ತಿದ್ದವು.

ಆರ್ಡಿಸ್‌ಗೆ ನಲವತ್ತೊಂಬತ್ತು. ಊರಿನ ದಂತವೈದ್ಯರ ಬಳಿ ಜನರ ಹಲ್ಲು ಶುಚಿ ಮಾಡುವುದು ಅವಳ ಕೆಲಸ. ಎಷ್ಟೋ ವರ್ಷ ಬೇರೆಯವರ ಬಾಯೊಳಗೆ ಇಣುಕಿ ಇಣುಕಿ, ಬಾಯಿಗಿಂತ ದೊಡ್ಡದಾದ ಏನನ್ನಾದರೂ ಮಾಡಬೇಕು ಅನ್ನಿಸಿತ್ತು. ವಿಮಾನ ಹಾರಿಸುವುದನ್ನು ಮದುವೆ ಮುರಿದ ವರ್ಷವೇ ಕಲಿತಿದ್ದಳು. ಆಮೇಲೊಂದು ದಿನ ಮರದ ಪೆಟ್ಟಿಗೆಗಳಲ್ಲಿ ವಿಮಾನ ಕಟ್ಟುವ ತಗಡುಗಳೂ ಪಟ್ಟಿಗಳೂ ಮೊಳೆಗಳೂ ಬಂದವು. ಅಂದಿನಿಂದ ಅವಳ ಕಾರು ಮಿನೆಸೋಟದ ಹಿಮದಲ್ಲಿ ಹೊರಗೆ ನಿಂತಿತು, ವಿಮಾನ ಹೀಟರಿನ ಪಕ್ಕ ಬೆಚ್ಚಗೆ ಬೆಳೆಯಿತು. ಅವಸರ ಅವಳ ಜಾಯಮಾನವಲ್ಲ. ಪ್ರತಿ ತೂತಿನ ಅಂಚನ್ನೂ ಬೆರಳಿನಿಂದ ಸವರಿ, ಎಲ್ಲೂ ಚುಚ್ಚದಿದ್ದರೆ ಮಾತ್ರ ಮುಂದಿನದಕ್ಕೆ ಹೋಗುತ್ತಿದ್ದಳು.

ರೂಬೆನ್ ಮುಂದಿನ ಮಂಗಳವಾರವೂ ಬಂದ, ಈ ಸಲ ಹಳೆಯ ಬೂಟಿನಲ್ಲಿ. ಚಳಿಗಾಲದಲ್ಲಿ ಅವನು ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ, ಬೇಸಿಗೆಯಲ್ಲಿ ಅದೇ ರಸ್ತೆಗಳ ಗುಂಡಿ ಮುಚ್ಚುತ್ತಿದ್ದ. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಇದನ್ನೆಲ್ಲ ಅವನು ಹೇಳಿದ್ದು ತಗಡಿನ ಆಚೆಯಿಂದ. ಮುಖ ಕಾಣದಿದ್ದರೆ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂದು ಆರ್ಡಿಸ್‌ಗೆ ಆಶ್ಚರ್ಯ. ಅವಳೂ ಹೇಳಿದಳು, ಮಾಜಿ ಗಂಡನ ಬಗ್ಗೆ, ಆಗದೆ ಹೋದ ಮಗುವಿನ ಬಗ್ಗೆ. ಆಚೆಯಿಂದ ಉಕ್ಕಿನ ಗಟ್ಟಿ ಕೆಳಗಿಟ್ಟ ಸದ್ದು ಬಂತು. ಆಮೇಲೆ, "ಮುಂದಿನ ರಿವೆಟ್ ಹಾಕ್ತೀರಾ, ಇಲ್ಲಾ ಸ್ವಲ್ಪ ಕೂರೋಣ್ವಾ?" ಎಂದ. ಇಬ್ಬರೂ ಕೂತರು.

ಕಾಫಿ ಕುಡಿಯುವಾಗ ಮಾತ್ರ ಎದುರುಬದುರು. ಆಗ ಅವಳು ಅವನ ಹಲ್ಲು ನೋಡುತ್ತಿದ್ದಳು. ವೃತ್ತಿಯ ಚಾಳಿ.

"ನಿದ್ದೇಲಿ ಹಲ್ಲು ಕಡೀತೀರಾ?"

"ನನ್ನ ನಿದ್ದೆ ವಿಷಯ ನಿಮಗೆ ಯಾಕೆ ಮೇಡಂ?" ಎಂದ ಅವನು ಬಹಳ ಗಂಭೀರವಾಗಿ. ಆರ್ಡಿಸ್‌ಳ ಕಿವಿ ಕೆಂಪಗಾಯಿತು. ಅದನ್ನು ಅವನು ನೋಡಿದ, ನೋಡಿಲ್ಲವೆಂಬಂತೆ ಕಪ್ಪಿನೊಳಗೆ ಮುಖ ಹುದುಗಿಸಿದ.

ಒಂದು ಸಲ ಅವಳು ಲೋಕಾಭಿರಾಮವಾಗಿ, "ಇದರಲ್ಲಿ ಎರಡು ಸೀಟಿದೆ, ಗೊತ್ತಲ್ಲ?" ಎಂದಳು.

"ಒಂದರಲ್ಲಿ ಸಾಮಾನು ಇಟ್ಕೊಳ್ಳಿ. ನಾನು ಏಣಿ ಹತ್ತಿದ್ರೇ ತಲೆ ತಿರುಗೋ ಮನುಷ್ಯ. ಚಾವಣಿ ರಿಪೇರಿಗೂ ಜನ ಕರೆಸ್ತೀನಿ."

ಅವಳು ನಕ್ಕಳು. ಆದರೆ ಆ ರಾತ್ರಿ ಪಾತ್ರೆ ತೊಳೆಯುವಾಗ ಆ ನಗು ಎಲ್ಲೋ ಕಳೆದುಹೋಯಿತು. ಇಷ್ಟು ಕಾಲ ಆ ಎರಡನೇ ಸೀಟಿನಲ್ಲಿ ಯಾರನ್ನು ಕೂರಿಸಿಕೊಂಡು ಕನಸು ಕಾಣುತ್ತಿದ್ದಳೆಂಬುದು ಅವಳಿಗೆ ತಿಳಿದದ್ದೇ ಆಗ.

ಎರಡು ಚಳಿಗಾಲ ಕಳೆದವು. ಇಂಜಿನ್ ಕೂತಿತು, ವೈರುಗಳು ತಮ್ಮ ತಮ್ಮ ಜಾಗ ಸೇರಿದವು. ಉಳಿದದ್ದು ಬಲ ರೆಕ್ಕೆಯ ಹಿಂದಿನ ಫ್ಲ್ಯಾಪ್ ಒಂದೇ, ಇಳಿಯುವಾಗ ಕೆಳಗೆ ಬಾಗಿ ವೇಗ ತಗ್ಗಿಸುವ ಪಟ್ಟಿ. ಇತ್ತೀಚೆಗೆ ರೂಬೆನ್ ವಿಪರೀತ ಕಟ್ಟುನಿಟ್ಟಾಗಿದ್ದ. "ಇದು ಓರೆ ಇದೆ," "ಅದನ್ನ ಬಿಚ್ಚಿ ಹಾಕೋಣ," ಎನ್ನುತ್ತಿದ್ದ. ತನ್ನ ಗಾಳಿ ಇವನಿಗೂ ಬಡಿಯಿತೆಂದು ಅವಳಿಗೆ ಹೆಮ್ಮೆಯಾಗಿತ್ತು.

ಫೆಬ್ರವರಿಯ ಒಂದು ಸಂಜೆ ಅವಳು ಅಡುಗೆಮನೆಯಿಂದ ಕಾಫಿ ತರುವಷ್ಟರಲ್ಲಿ ಗ್ಯಾರೇಜಿನಿಂದ ಡ್ರಿಲ್ಲಿನ ಸದ್ದು ಬಂತು. ಓಡಿ ಬಂದಳು. ಅವನು ಫ್ಲ್ಯಾಪಿನ ಮೂರು ರಿವೆಟ್‌ಗಳನ್ನು ಕೊರೆದು ತೆಗೆದಿದ್ದ. ತೆಗೆದವುಗಳನ್ನು ಅವಳು ದೀಪದ ಕೆಳಗೆ ಹಿಡಿದು ನೋಡಿದಳು. ಎಲ್ಲವೂ ಸೊಗಸಾಗಿ ಕೂತಿದ್ದಂಥವು. ತೂತುಗಳು ಮಾತ್ರ ಹಿಗ್ಗಿ ಮೊಟ್ಟೆಯಾಕಾರವಾಗಿದ್ದವು.

"ಇವು ಸರಿಯಿದ್ವು."

ಅವನು ಕೊರೆದ ತಗಡಿನ ಪುಡಿಯನ್ನು ಕೈಯಿಂದ ಗುಡಿಸತೊಡಗಿದ.

"ಸರಿಯಿದ್ವು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಎಂದ ರೂಬೆನ್.

"ಈ ತಗಡು ಇನ್ನು ಬರಲ್ಲ, ಅದೂ ಗೊತ್ತಾ? ಈ ವಿಮಾನದಲ್ಲಿ ಕೂತು ಮೇಲೆ ಹೋಗೋಳು ನಾನು! ಏನು ತಿಳ್ಕೊಂಡಿದ್ದೀಯ ನೀನು?" ಕಾಫಿ ಚೆಲ್ಲಿ ಕೈ ಸುಟ್ಟದ್ದೂ ಅವಳಿಗೆ ಅರಿವಾಗಲಿಲ್ಲ. "ಹೋಗು. ದಯವಿಟ್ಟು ಹೋಗು."

ಅವನು ಡ್ರಿಲ್ಲನ್ನು ಒರೆಸಿ ಅದರ ಜಾಗದಲ್ಲಿಟ್ಟ. ಕೋಟು ತೆಗೆದುಕೊಂಡು ಹೋದ.

ಹೊಸ ತಗಡು ಬರುವುದರೊಳಗೆ ಹಿಮ ಕರಗಲು ಶುರುವಾಗಿತ್ತು. ಆರ್ಡಿಸ್ ಒಬ್ಬಳೇ ಪ್ರಯತ್ನಿಸಿದಳು. ಒಂದು ಕೈಯಲ್ಲಿ ಗನ್, ಇನ್ನೊಂದು ಕೈಯನ್ನು ಸುತ್ತಿ ಬಳಸಿ ಉಕ್ಕಿನ ಗಟ್ಟಿ. ಕೆನ್ನೆ ತಣ್ಣನೆಯ ತಗಡಿಗೆ ಒತ್ತಿತ್ತು, ಆದರೂ ತೋಳು ಸಾಲಲಿಲ್ಲ. ಹಾಗೇ ತಗಡಿಗೆ ಕೆನ್ನೆಯೊತ್ತಿ ಬಹಳ ಹೊತ್ತು ನಿಂತಳು. ಸಿಟ್ಟು ಇನ್ನೂ ಇತ್ತು, ಆದರೆ ಅದರ ಅಡಿಯಲ್ಲಿ ಇನ್ನೇನೋ ಇತ್ತು. ಪ್ಯಾನೆಲ್ಲಿನ ದೀಪಗಳ ವೈರನ್ನು ಮೊದಲ ಸಲವೇ ಸರಿಯಾಗಿದ್ದರೂ ತಾನು ಎರಡು ಸಲ ಬಿಚ್ಚಿ ಕಟ್ಟಿಸಿದ್ದು ನೆನಪಾಯಿತು. ಕೊನೆಯ ಸಾಲು ಬಂದಾಗಲೆಲ್ಲ, "ಇನ್ನೊಂದು ಕಪ್ ಕುಡಿಯೋಣ," ಎನ್ನುತ್ತಿದ್ದವಳೂ ತಾನೇ.

ಮರುದಿನ ಅವಳು ರಸ್ತೆ ಇಲಾಖೆಯ ಶೆಡ್ಡಿಗೆ ಹೋದಳು. ರೂಬೆನ್ ಲಾರಿಯ ಮುಂದಿನ ಹಿಮದ ಹಲಗೆಯನ್ನು ಬಿಚ್ಚಿಡುತ್ತಿದ್ದ.

"ಹೊಸ ತಗಡು ಬಂದಿದೆ," ಎಂದಳು.

"ಗಟ್ಟಿ ಹಿಡಿಯೋಕೆ ಯಾರಾದ್ರೂ ಸಿಕ್ಕಿದ್ರಾ?"

"ಸಿಕ್ಕಿದ್ರೆ ಇಲ್ಲಿ ಬಂದು ಯಾಕೆ ನಡುಗ್ತಾ ನಿಂತಿರ್ತಿದ್ದೆ? ಯಾಕೆ ಹಾಗೆ ಮಾಡಿದೆ? ನೆಟ್ಟಗೆ ಹೇಳು."

ಅವನು ಕೈಗವಸು ತೆಗೆದ, ಮತ್ತೆ ಹಾಕಿಕೊಂಡ. ಇಲ್ಲಿ ಬಚ್ಚಿಟ್ಟುಕೊಳ್ಳಲು ರೆಕ್ಕೆ ಇರಲಿಲ್ಲ.

"ಮುಗಿದುಹೋಗುತ್ತಲ್ಲ ಅಂತ. ಮುಗಿದ್ರೆ ನೀನು ಮೇಲೆ ಹೋಗ್ತೀಯ. ಅಲ್ಲಿಗೆ ನಾನು ಬರೋ ಹಾಗಿಲ್ಲ. ಇಲ್ಲಿ ನನಗೆ ಮಂಗಳವಾರ ಇರಲ್ಲ. ತಪ್ಪು ಮಾಡ್ತಿದ್ದೀನಿ ಅಂತ ಗೊತ್ತಿದ್ದೇ ಮಾಡಿದೆ. ನಿನ್ನ ಪ್ರಾಣದ ವಿಷಯ ಅನ್ನೋದು ಮನೆಗೆ ಹೋದ ಮೇಲೆ ತಲೆಗೆ ಹೋಯ್ತು. ಆಮೇಲೆ ಮುಖ ತೋರಿಸೋ ಧೈರ್ಯ ಬರ್ಲಿಲ್ಲ."

"ಬಾಯಿ ಇತ್ತಲ್ಲ ನಿನಗೆ. ಬುಧವಾರ ಊಟಕ್ಕೆ ಬರ್ಲಾ ಅಂತ ಕೇಳೋಕೆ ಡ್ರಿಲ್ ಯಾಕೆ ಬೇಕಿತ್ತು?"

ಅವನು ತಲೆಯೆತ್ತಿದ. ಕಣ್ಣಲ್ಲಿ ನೀರೋ, ಗಾಳಿಯ ಚಳಿಯೋ, ಅವಳಿಗೆ ತಿಳಿಯಲಿಲ್ಲ.

"ಬರ್ಲಾ?"

"ಬಾ. ಆದ್ರೆ ಇನ್ನೊಂದು ಸಲ ಸರಿಯಿರೋ ರಿವೆಟ್ ಮುಟ್ಟಿದ್ರೆ, ಅರಿವಳಿಕೆ ಕೊಡದೆ ನಿನ್ನ ದವಡೆ ಹಲ್ಲು ಕೀಳ್ತೀನಿ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಮುಗಿಯೋದು ನನಗೂ ಬೇಕಿರ್ಲಿಲ್ಲ, ರೂಬೆನ್."

ಗ್ರೀಸು ಮೆತ್ತಿದ ಕೈಗವಸಿನಲ್ಲೇ ಅವನು ಅವಳ ಕೈ ಹಿಡಿದ. ಶೆಡ್ಡಿನ ಒಳಗಿನಿಂದ ಯಾರೋ ಶಿಳ್ಳೆ ಹೊಡೆದರು. ಇಬ್ಬರೂ ತಿರುಗಿ ನೋಡಲಿಲ್ಲ.

ಫ್ಲ್ಯಾಪನ್ನು ಅವರು ಆ ವಾರವೇ ಮುಗಿಸಿದರು. ಬೇಸಿಗೆಯಲ್ಲಿ ವಿಮಾನ ಹುಲ್ಲಿನ ಏರ್‌ಫೀಲ್ಡಿಗೆ ಹೋಗಿ ರೆಕ್ಕೆ ಜೋಡಿಸಿಕೊಂಡಿತು. ಪರೀಕ್ಷಿಸಲು ಬಂದ ಅಧಿಕಾರಿ ರಿವೆಟ್ ಸಾಲುಗಳ ಮೇಲೆ ಕೈಯಾಡಿಸಿ, "ಇದನ್ನ ಹಾರಿಸ್ತೀರೋ ಇಲ್ಲಾ ಶೋಕೇಸಲ್ಲಿ ಇಡ್ತೀರೋ?" ಎಂದು ಸಹಿ ಹಾಕಿದ. ಮೊದಲ ಹಾರಾಟಗಳಲ್ಲಿ ಪೈಲಟ್ ಒಬ್ಬರೇ ಇರಬೇಕೆಂಬುದು ನಿಯಮ. ಅವಳು ಒಬ್ಬಳೇ ಏರಿದಳು. ನೆಲ ಕೆಳಗೆ ಜಾರಿದಾಗ ವಿಮಾನ ನಡುಗಲಿಲ್ಲ, ಎಳೆಯಲಿಲ್ಲ. ಕೈ ಹೇಳಿದಂತೆ ಕೇಳಿತು. ಗಟ್ಟಿಯಾಗಿ ನಕ್ಕಳು, ಕೇಳುವವರು ಯಾರೂ ಇಲ್ಲವಲ್ಲ ಅನ್ನಿಸಿತು. ಇಳಿದು ಬಂದಾಗ ಬೇಲಿಯ ಕಂಬವನ್ನು ತಬ್ಬಿ ನಿಂತಿದ್ದ ರೂಬೆನ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬೇಸಿಗೆಯುದ್ದಕ್ಕೂ ಪರೀಕ್ಷೆಯ ಹಾರಾಟಗಳು ನಡೆದವು. ಊಟ ಬುಧವಾರ, ಗುರುವಾರ, ಬರಬರುತ್ತಾ ದಿನವೂ ಜೊತೆಯಲ್ಲೇ ಆಯಿತು. ಎರಡನೇ ಸೀಟಿನ ಮಾತನ್ನು ಅವಳು ಎತ್ತಲಿಲ್ಲ. ಅವನು ನೆಲದ ಮೇಲಿದ್ದರೂ ತನಗೆ ಸಾಕು ಎಂದು ನಿಜವಾಗಿಯೂ ತೀರ್ಮಾನಿಸಿದ್ದಳು.

ಸೆಪ್ಟೆಂಬರಿನ ಒಂದು ತಿಳಿ ಬೆಳಿಗ್ಗೆ ರೂಬೆನ್ ತಾನಾಗಿಯೇ ಎರಡನೇ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಿದ್ದ. ಮುಖ ಸುಣ್ಣದಂತೆ ಬಿಳಿಚಿತ್ತು.

"ಏನಿದು? ನನಗೋಸ್ಕರ ಬರಬೇಕಾಗಿಲ್ಲ."

"ಮಾತಾಡಿಸ್ಬೇಡ. ಮಾತಾಡಿದ್ರೆ ಇಳಿದುಬಿಡ್ತೀನಿ."

ರನ್‌ವೇಯ ತುದಿಯಲ್ಲಿ ಅವಳು ನಿಲ್ಲಿಸಿ, "ಈಗಲೂ ವಾಪಸ್ ಹೋಗಬಹುದು," ಎಂದಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿ ಬೇಡವೆಂದು ತಲೆಯಾಡಿಸಿದ. ಹುಲ್ಲು ಓಡಿತು, ಗಾಲಿಗಳ ಸದ್ದು ನಿಂತಿತು, ಬೆಳಕು ಒಳಗೆ ತುಂಬಿತು.

"ಕಣ್ಣು ಬಿಟ್ಟಿದ್ದೀಯಾ?"

"ಒಂದು."

"ಇನ್ನೊಂದು?"

"ಬಿಡ್ತೀನಿ. ಅವಸರ ಮಾಡ್ಬೇಡ."

ಬಿಟ್ಟ ಮೇಲೆ ಅವನು ಮತ್ತೆ ಮುಚ್ಚಲಿಲ್ಲ. ಆರ್ಡಿಸ್ ದೊಡ್ಡ ಕೆರೆಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದಳು. ಬರ್ಚ್ ಮರಗಳು ಹಳದಿ ತಿರುಗಿದ್ದವು, ನೀರಿನ ಮೇಲೆ ಅವರ ವಿಮಾನದ ಪುಟ್ಟ ನೆರಳು ಜಾರುತ್ತಿತ್ತು. ಅವನ ಕಡೆಗಿದ್ದ ಅವಳ ಬಲಗೆನ್ನೆ ಏಕೋ ಬಿಸಿಯಾಗಿತ್ತು. ತಿರುಗಿ ನೋಡುವ ಧೈರ್ಯವಾಗದೆ ಅವಳು ಮುಂದೆ ನೋಡುತ್ತಲೇ ಹಾರಿಸಿದಳು.

ಇಳಿದ ಮೇಲೆ ಏರ್‌ಫೀಲ್ಡ್ ನೋಡಿಕೊಳ್ಳುವ ಮುದುಕ ಹಾರ್ಲನ್ ಕುಂಟುತ್ತಾ ಬಂದು ರೂಬೆನ್‌ನ ಬೆನ್ನು ತಟ್ಟಿದ. "ಶಭಾಷ್ ಕಣಯ್ಯಾ! ಕೆರೆ ಹೇಗಿತ್ತು ಮೇಲಿಂದ?"

ರೂಬೆನ್ ಆರ್ಡಿಸ್‌ಳತ್ತ ನೋಡಿದ, ಹಾರ್ಲನ್‌ನತ್ತ ನೋಡಿದ.

"ಯಾವ ಕೆರೆ?" ಎಂದ.