ದೋಣಿಯಾಟದ ಎರಡನೇ ಟ್ರ್ಯಾಕ್

"ನಾನೂರು ಜಿಬಿ ಇದೆ. ಅರವತ್ನಾಲ್ಕರ ಮೆಮೊರಿ ಕಾರ್ಡಲ್ಲಿ ಹಿಡೀಬೇಕು. ಕ್ವಾಲಿಟಿ ಮಾತ್ರ ಒಂಚೂರೂ ಕೆಡಬಾರ್ದು," ಎಂದು ಕ್ಯಾಪ್ಟನ್ ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟ.

"ಆನೇನ ಬೆಂಕಿಪೊಟ್ಟಣದಲ್ಲಿ ಕೂರ್ಸಿ ಅಂದ ಹಾಗಾಯ್ತು," ಎಂದಳು ಎಡಿಟರ್.

ಅವನು ಕ್ಯಾಪ್ಟನ್ ಅಲ್ಲ, ಸರಕು ಹಡಗಿನ ಅಡುಗೆಯವನು. ನಾಲ್ಕು ತಿಂಗಳ ರಜೆಗೆ, ಅವಳ ವಿಡಿಯೊ ಎಡಿಟಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ತನ್ನ ಚಿಕ್ಕಮ್ಮನ ಮನೆಗೆ ಬಂದಿದ್ದ. ಕಂಪ್ಯೂಟರಿನಲ್ಲಿ ಇಬ್ಬರು ಸೇರಿ ದೋಣಿ ನಡೆಸುವ ಆಟದಲ್ಲಿ, ಅವಳ ಜೊತೆ ಆಡಿದ ಮೊದಲ ದಿನವೇ ದೋಣಿಯನ್ನು ಬಂಡೆಗೆ ಗುದ್ದಿಸಿ ಆ ಹೆಸರು ಸಂಪಾದಿಸಿದ. ಆಮೇಲೆ ಪ್ರತಿ ಸಂಜೆ ಅವನು ಮೇಲೆ, ಅವಳು ಕೆಳಗೆ. ಆಡುತ್ತಲೇ ಮಾತಾಡಲು ಇಬ್ಬರ ಕಿವಿಗೂ ಹೆಡ್‌ಫೋನ್. ಎಲ್ಲ ಆಟಗಳನ್ನೂ ಅವನು ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಶುಕ್ರವಾರ ಹಡಗು ಹತ್ತಿದರೆ ಆರು ತಿಂಗಳು ನೀರಿನ ಮೇಲೆ. ಅಲ್ಲಿ ವಿಡಿಯೊ ನೋಡುವಷ್ಟು ನೆಟ್ ಸಿಗುವುದಿಲ್ಲ.

"ಅದ್ರಲ್ಲಿ ನೋಡೋಕೆ ಏನಿದೆ? ದಿನಾ ಮುಳುಗಿದ್ದೇ ತಾನೇ?"

"ಮುಳುಗಿದ್ದೂ ಬೇಕು ರೀ."

ಅವನ ನೋಟ ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳು ಸರಿಯಾಗಿಯೇ ಇದ್ದ ಕೀಬೋರ್ಡನ್ನು ಮತ್ತೆ ಸರಿ ಮಾಡಿದಳು.

ಇವನಿಗೆ ಆಟ ಬೇಕು, ಜೊತೆಗೆ ಆಡಿದವಳಲ್ಲ ಎಂದು ಅವಳಿಗೆ ಬೇಸರವಾಯಿತು. ಎರಡು ತಿಂಗಳಿಂದ ಅವನನ್ನು ಪ್ರೀತಿಸುತ್ತಿದ್ದಳು. ಬಾಯಿ ಮಾತ್ರ ಬಿಟ್ಟಿರಲಿಲ್ಲ. ಹೇಳಲಾಗದ್ದನ್ನೆಲ್ಲ ಕೆಲಸಕ್ಕೆ ಸುರಿದಳು. ಚಿತ್ರದ ಅಳತೆ ಕುಗ್ಗಿಸಲಿಲ್ಲ, ಸೆಕೆಂಡಿಗೆ ಅರವತ್ತು ಫ್ರೇಮಿದ್ದದ್ದನ್ನು ಮೂವತ್ತು ಮಾಡಲಿಲ್ಲ. ಫ್ರೇಮಿನಿಂದ ಫ್ರೇಮಿಗೆ ಬದಲಾಗದ್ದನ್ನು ಮತ್ತೆ ಮತ್ತೆ ಬರೆಯದ ಹೊಸ ಬಗೆಯ ಫಾರ್ಮ್ಯಾಟ್ ಆರಿಸಿದಳು. ಆಟದ ಹೊಳೆ ಅತಿ ರಭಸವಾಗಿ ಹರಿಯುವ ಒಂದು ನಿಮಿಷ ತೆಗೆದುಕೊಂಡು ಐದು ಸೆಟ್ಟಿಂಗ್‌ಗಳಲ್ಲಿ ಇಳಿಸಿ, ಪರದೆಗೆ ಮೂಗು ತಾಗಿಸಿ ಹನಿ ಹನಿ ಹೋಲಿಸಿದಳು. ಮೂರು ದಿನದಲ್ಲಿ ನಾನೂರು ಜಿಬಿ ಐವತ್ತೆರಡಕ್ಕೆ ಇಳಿಯಿತು.

"ನಿನ್ನ ಮದುವೆ ವಿಡಿಯೊನಾದ್ರೂ ಇಷ್ಟು ಮುತುವರ್ಜಿಯಿಂದ ಮಾಡ್ಕೋತೀಯೋ ಇಲ್ವೋ," ಎಂದು ಕೌಂಟರಿನಲ್ಲಿ ಕೂತಿದ್ದ ಅತ್ತಿಗೆ ಕಾಲೆಳೆದಳು.

ಗುರುವಾರ ಮಧ್ಯಾಹ್ನ ಅವನು ಹೆಡ್‌ಫೋನ್ ಹಾಕಿ ಕೂತ. ಪರದೆಯ ಮೇಲೆ ಹೊಳೆ ಹರಿಯಿತು, ಅವನು ನಕ್ಕ. ನಗು ನಿಧಾನವಾಗಿ ಇಳಿಯಿತು. ಎರಡನೇ ವಿಡಿಯೊ ತೆರೆದ, ಮೂರನೆಯದನ್ನೂ ತೆರೆದ.

"ಯಾಕೆ, ಮಸುಕಾಗಿದೆಯಾ?"

"ಇಲ್ಲ. ಚಿತ್ರ ಕನ್ನಡಿ ಹಾಗಿದೆ. ಆದ್ರೆ ಇದ್ರಲ್ಲಿ ನೀವಿಲ್ಲ."

ಅವಳು ಹೆಡ್‌ಫೋನ್ ಕಿತ್ತುಕೊಂಡು ಕೇಳಿದಳು. ನೀರಿನ ಸದ್ದಿತ್ತು, ಹುಟ್ಟು ಹಾಕುವ ಸದ್ದಿತ್ತು. ಇಬ್ಬರ ಮಾತೂ ಇರಲಿಲ್ಲ. ಅವನ ರೆಕಾರ್ಡರ್ ಆಟದ ಸದ್ದನ್ನು ಒಂದು ಟ್ರ್ಯಾಕಿನಲ್ಲೂ ಮಾತನ್ನು ಇನ್ನೊಂದರಲ್ಲೂ ಬರೆದಿತ್ತು. ಇವಳ ಸಾಫ್ಟ್‌ವೇರ್, ಹೇಳದಿದ್ದರೆ, ಮೊದಲನೆಯದನ್ನಷ್ಟೇ ಉಳಿಸಿಕೊಳ್ಳುತ್ತದೆ. ಮೂರು ದಿನ ಹನಿ ಎಣಿಸಿದವಳು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಹತ್ತು ವರ್ಷದ ಅನುಭವಕ್ಕೆ ನಾಚಿಕೆಯಾಯಿತು.

"ಬಂಡೆ ಬಂತು ಅಂತ ಬೈತೀರಲ್ಲ, ಆಮೇಲೆ ನಗ್ತೀರಲ್ಲ, ಅದು ಬೇಕಿತ್ತು," ಎಂದು ಅವನು ತಲೆ ತಗ್ಗಿಸಿದ. "ಆಟ ಕಟ್ಕೊಂಡು ನಂಗೇನಾಗ್ಬೇಕು ರೀ? ಹೇಳೋಕೆ ಧೈರ್ಯ ಬರ್ಲಿಲ್ಲ. ಈಗ ಇನ್ನು ಮೂರು ದಿನ ಎಲ್ಲಿಂದ ತರೋದು?"

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ತಪ್ಪು ಮಾಡಿದ್ದೇ ಒಳ್ಳೆಯದಾಯಿತು ಅನ್ನಿಸಿತು.

"ಮೂರು ದಿನ ಬೇಡ. ಚಿತ್ರನ ಮತ್ತೆ ಮುಟ್ಟೋದೇ ಬೇಡ. ನಿಮ್ಮ ಡಿಸ್ಕಿಂದ ಮಾತಿನ ಟ್ರ್ಯಾಕ್ ಮಾತ್ರ ತಂದು ಇದಕ್ಕೆ ಜೋಡಿಸ್ತೀನಿ. ಎರಡು ಗಂಟೆ ಸಾಕು. ಮಾತಿಗೆ ಜಾಗಾನೂ ಅಷ್ಟೇನೂ ಬೇಡ."

ಅವನು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡ. ಒಂದೊಂದೇ ಫೈಲು ಸಿದ್ಧವಾದಂತೆ ಸ್ಪೀಕರಿನಲ್ಲಿ ಹಾಕಿ ಕೇಳಿದರು. "ಕಣ್ಣು ಎಲ್ಲಿಟ್ಟಿದೀರಿ ಕ್ಯಾಪ್ಟನ್," ಎಂದು ಅವಳ ದನಿ ಹೊಳೆಯ ಮೇಲೆ ಗದರಿತು.

"ಮಹಡಿ ಮೇಲೆ ಕೂತಿದ್ರೂ ಮನಸ್ಸೆಲ್ಲ ಕೆಳಗೇ ಇತ್ತು," ಎಂದ ಪಕ್ಕದಲ್ಲಿದ್ದವನು.

ಅವಳು ತಿರುಗಿ ನೋಡಲಿಲ್ಲ. ಅವಳ ಕಿವಿ ಕೆಂಪಾಗಿದ್ದನ್ನು ಅವನು ನೋಡಿದ.

ಸಂಜೆಯ ಹೊತ್ತಿಗೆ ಕಾರ್ಡ್ ಸಿದ್ಧವಾಯಿತು. ಜೇಬಿಗೆ ಹಾಕಿಕೊಳ್ಳುತ್ತ ಅವನು, "ನಿಮ್ಮ ಕಂಪ್ಯೂಟರಲ್ಲಿರೋ ಕಾಪಿನ ಅಳಿಸ್ಬಿಡಿ. ಸುಮ್ನೆ ಜಾಗ ಹಾಳು," ಎಂದ.

"ಅಳಿಸಲ್ಲ. ಆರು ತಿಂಗಳು ನಂಗೂ ಬೇಕಲ್ಲ."

ಅವನು ಅರ್ಥವಾಗದವನಂತೆ ನಿಂತ. ಅರ್ಥವಾದ ಮೇಲೂ ಹಾಗೇ ನಿಂತ.

"ಆಮೇಲೆ?"

"ಆಮೇಲೆ ನೀವೇ ಇರ್ತೀರಲ್ಲ," ಎಂದು ಅವಳು ಅವನ ಕೈ ಹಿಡಿದುಕೊಂಡಳು.