ಕಣ್ಣು ಎಲ್ಲಿಟ್ಟಿದ್ರಿ?

"ಬ್ರೇಕ್! ಟೀಚರಮ್ಮ, ಬ್ರೇಕ್... ಅದಲ್ಲ, ಅದರ ಪಕ್ಕದ್ದು!"

ಮಾತು ಮುಗಿಯುವ ಮೊದಲೇ ಕೆಲಸ ಮುಗಿದಿತ್ತು.

ಡ್ರೈವಿಂಗ್ ಸ್ಕೂಲಿನ ಹಳದಿ ಕಾರು, ರಸ್ತೆ ಬದಿಗೆ ನಿಂತಿದ್ದ ಗಾಜಿನ ವ್ಯಾನಿನ ಬೆನ್ನಿಗೆ ಮೂತಿ ಗುದ್ದಿ ನಿಂತಿತು. ವ್ಯಾನಿನೊಳಗಿನ ಗಾಜುಗಳು ಒಂದರ ಹಿಂದೊಂದು ಝಲ್ಲೆಂದವು.

ಆಳೆತ್ತರದ ಕನ್ನಡಿಯೊಂದನ್ನು ಎದೆಗವಚಿಕೊಂಡೇ ಓಡಿ ಬಂದ ಗಾಜಿನವನು.

"ನಿಂತಿರೋ ವ್ಯಾನು ಕಾಣ್ಲಿಲ್ವೇನ್ರಿ? ಕಣ್ಣು ಎಲ್ಲಿಟ್ಟಿದ್ರಿ?"

ಕಲಿಸುವವಳ ಸೀಟು ಪಕ್ಕದ್ದು; ಅದರಿಂದ ಇಳಿದ ಅವಳ ಮುಖ ಕೆಂಪೇರಿತು. ಕೋಪಕ್ಕೆ ಎಂದುಕೊಂಡ ಅವನು.

"ತಪ್ಪು ನನ್ನದೇ. ಕೂಗಾಡಬೇಡಿ. ಒಳಗೆ ಹಿರಿಯರಿದ್ದಾರೆ, ನಡುಗ್ತಿದ್ದಾರೆ."

ಮೂವತ್ತೈದು ವರ್ಷ ಲೆಕ್ಕ ಕಲಿಸಿ ನಿವೃತ್ತರಾದ ಟೀಚರಮ್ಮ ಸ್ಟಿಯರಿಂಗ್ ಬಿಟ್ಟಿರಲೇ ಇಲ್ಲ. "ನನ್ನ ಕಾಲೇ ಕಣಮ್ಮ ಕೆಟ್ಟದ್ದು..."

"ಕಲಿಯೋರು ತಪ್ಪು ಮಾಡೋಕೇ ಬರೋದು ಟೀಚರಮ್ಮ. ನನ್ನ ಕಾಲಡಿ ಇನ್ನೊಂದು ಬ್ರೇಕ್ ಇಟ್ಟಿರೋದು ಶೋಕಿಗಲ್ಲ."

ಗಾಜಿನವನ ದನಿ ಇಳಿಯಿತು. ಕನ್ನಡಿಯನ್ನು ಗೋಡೆಗೊರಗಿಸಿ, ವ್ಯಾನಿನಿಂದ ನೀರಿನ ಬಾಟಲಿ ತಂದು ಟೀಚರಮ್ಮನ ಕೈಗಿಟ್ಟ. ಆಮೇಲೆ ಫೋನು ತೆಗೆದು ಫೋಟೋ ಹಿಡಿಯತೊಡಗಿದ.

"ಚೆನ್ನಾಗಿ ತೆಗೀರಿ, ಒಂದು ಗೀರೂ ಬಿಡಬೇಡಿ!" ಅವಳು ಸಿಡುಕಿದಳು. "ನಿಮ್ಮ ನಷ್ಟಕ್ಕೆ ನನ್ನ ಇನ್ಶೂರೆನ್ಸ್ ಇದೆ."

"ನಿಮ್ಮ ಕಾರಿಗೆ?"

ಅವಳು ನಜ್ಜಿದ ಬಾನೆಟ್ಟಿನತ್ತ ತಿರುಗಿಕೊಂಡಳು.

"ಥರ್ಡ್ ಪಾರ್ಟಿ ಮಾತ್ರಾನಾ? ಅದೂ ಡ್ರೈವಿಂಗ್ ಸ್ಕೂಲಿನ ಕಾರಿಗೆ?"

"ಹದಿಮೂರು ವರ್ಷ ಒಂದು ಗೀರಿಲ್ಲ! ಸುಮ್ಮಸುಮ್ಮನೆ ಯಾಕೆ ಕಟ್ಟಲಿ?"

"ಗಾಜು ಹೊರೋವನು ನಾನು. ಒಡೆಯೋದು ಹೇಳಿ ಕೇಳಿ ಬರಲ್ಲ."

"ಪಾಠ ಹೇಳೋದು ನನ್ನ ಕೆಲಸ. ನೀವು ಚೂರು ಗುಡಿಸಿ!"

ಅವಳನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಸ್ಟಿಯರಿಂಗ್ ಮುಟ್ಟಲು ಹೆದರುತ್ತಿದ್ದ ಎಷ್ಟೋ ಹೆಂಗಸರನ್ನು ಹೆದ್ದಾರಿಗೆ ಇಳಿಸಿದವಳು. ಇದ್ದದ್ದು ಒಂದೇ ಕಾರು. ಆ ಕಾರೇ ಶಾಲೆ, ಆ ಕಾರೇ ಅನ್ನ.

ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, ಮತ್ತೆ ಮೆಲ್ಲಗೆ ಇಳಿಸಿದ. "ರೇಡಿಯೇಟರ್ ಹೋಯ್ತು, ಇಂಜಿನ್ನಿಗೂ ಪೆಟ್ಟು. ಹಳೇ ಕಾರು ಇನ್ನೊಂದು ಬರುತ್ತೆ ಕಣಕ್ಕ, ಅಷ್ಟು ಖರ್ಚಿದೆ."

ಅಣ್ಣ ಕೇಳಿದವನೇ ತಲೆ ಚಚ್ಚಿಕೊಂಡ. "ಊರವರಿಗೆಲ್ಲ ಕೊಡೆ ಹಿಡಿದು ನೀನು ನೆನೀತಾ ನಿಂತಿದ್ದೀಯಲ್ಲೇ! ಎದುರಿನವನ ಗಾಜಿಗೆ ದುಡ್ಡು ಬರುತ್ತೆ, ನಿನ್ನ ಕಾರಿಗೆ ಕಾಸಿಲ್ಲ. ಸ್ಕೂಲು ಮುಚ್ಚು. ನನ್ನ ಅಂಗಡೀಲಿ ಬಿಲ್ ಹಾಕ್ಕೊಂಡು ನೆಮ್ಮದಿಯಾಗಿರು."

"ಮುಚ್ಚಲ್ಲ ಅಣ್ಣ."

"ಕಾರಿಲ್ಲದ ಡ್ರೈವಿಂಗ್ ಸ್ಕೂಲು ಅಂದ್ರೆ ನೀರಿಲ್ಲದ ಈಜುಕೊಳ!"

"ಹಾಗಾದ್ರೆ ದಡದ ಮೇಲೆ ನಿಂತು ಕಲಿಸ್ತೀನಿ. ಮುಚ್ಚಲ್ಲ ಅಂದ್ರೆ ಮುಚ್ಚಲ್ಲ!"

ಅಣ್ಣ ಅತ್ತ ಹೋದ ಮೇಲೆ ಮಾತ್ರ ಅವಳ ಕಣ್ಣು ತುಂಬಿತು. *ಎರಡು ಸೀರೆ ಕಮ್ಮಿ ಕೊಂಡಿದ್ದರೆ ಫುಲ್ ಇನ್ಶೂರೆನ್ಸಿನ ಕಂತು ಆಗುತ್ತಿತ್ತು. ದುಡ್ಡಲ್ಲ ತಡೆದದ್ದು... ನನಗೇನೂ ಆಗುವುದಿಲ್ಲ ಎಂಬ ಜಂಬ!*

ಕ್ಲೇಮಿನ ಕಾಗದಗಳಿಗಾಗಿ ಅವಳು ಗಾಜಿನಂಗಡಿಗೆ ಮೂರು ಸಲ ಹೋಗಬೇಕಾಯಿತು. ಮೊದಲ ದಿನ ಇಬ್ಬರದೂ ಬಿಗಿದ ಮುಖ. ಎರಡನೇ ದಿನ ಅವನು ಸ್ಟೂಲು ಒರೆಸಿ ಮುಂದಿಟ್ಟ. ಮೂರನೇ ದಿನ ಚಹಾ ಬಂತು.

"ಟೀಚರಮ್ಮ ಹೇಗಿದ್ದಾರೆ?"

"ಇನ್ನು ಸ್ಟಿಯರಿಂಗ್ ಮುಟ್ಟಲ್ಲ ಅಂತಿದ್ದಾರೆ."

"ನೀವು ಬಿಡ್ತೀರಾ?"

"ಬಿಟ್ರೆ ನಾನು ಬ್ರೇಕಕ್ಕನೇ ಅಲ್ಲ!"

ಅವನು ನಕ್ಕ. ಅವಳು ಥಟ್ಟನೆ ಲೋಟದೊಳಗೆ ಕಣ್ಣು ನೆಟ್ಟಳು. *ಈ ನಗು ಬೇಡ... ಇದರಿಂದಲೇ ಒಮ್ಮೆ ಸಾಕಾಗಿದೆ.*

ಮರುದಿನ ಗ್ಯಾರೇಜಿನಲ್ಲಿ ಮೇಸ್ತ್ರಿಯ ಮುಖ ಅರಳಿತ್ತು.

"ಬದುಕಿಕೊಂಡೆ ಬಿಡಕ್ಕ! ತಾವೇ ವ್ಯಾನು ರಿವರ್ಸ್ ತಗೊಂಡು ನಿನ್ನ ಕಾರಿಗೆ ಗುದ್ದಿದ್ದು ಅಂತ ಗಾಜಿನವರು ಇನ್ಶೂರೆನ್ಸ್ ಸರ್ವೇಯರಿಗೆ ಬರೆದುಕೊಟ್ಟಿದ್ದಾರಂತೆ. ಇನ್ನು ಅವರ ಇನ್ಶೂರೆನ್ಸೇ ನಿನ್ನ ಕಾರು ರಿಪೇರಿ ಮಾಡಿಸುತ್ತೆ."

ಅವಳು ಒಂದೇ ಉಸಿರಿಗೆ ಗಾಜಿನಂಗಡಿ ಸೇರಿದಳು. ಅವನು ಮೇಜಿನ ಮೇಲೆ ಗಾಜು ಹಾಸಿ ಗೆರೆ ಕೊಯ್ಯುತ್ತಿದ್ದ.

"ಸುಳ್ಳು ಯಾಕೆ ಬರೆದ್ರಿ?"

ಅವನ ಕೈ ನಿಂತಿತು. "ಕಾಗದದ ಮೇಲೆ ಎರಡು ಸಾಲು, ಅಷ್ಟೇ. ನಿಮ್ಮ ಕಾರು ರಸ್ತೆಗೆ ಬರುತ್ತೆ."

"ಗುದ್ದಿದ್ರೆ ನಿಲ್ಲು, ಇಳಿ, ನಾನೇ ಅನ್ನು... ಗೇರು ಹಾಕೋದಕ್ಕೂ ಮೊದಲು ನಾನು ಹೇಳಿಕೊಡೋ ಪಾಠ ಇದು! ನಾಳೆ ಯಾವ ಮುಖ ಇಟ್ಕೊಂಡು ಆ ಮಾತು ಹೇಳಲಿ? ಸಿಕ್ಕಿಬಿದ್ರೆ ನಿಮ್ಮ ಅಂಗಡಿ ಗತಿಯೇನು?"

"ನಿಮಗೋಸ್ಕರ..."

"ನನಗೋಸ್ಕರ ಯಾರೂ ಸುಳ್ಳಾಗೋದು ಬೇಡ! ಕರುಣೆ ತೋರಿಸೋಕೆ ನಾನೇನು ಕೈ ಚಾಚಿದ್ನಾ?"

"ಕರುಣೆ ಅಲ್ಲ..." ಅವನು ಮಾತನ್ನು ಅರ್ಧಕ್ಕೇ ಬಿಟ್ಟು ಕೊಯ್ದ ಗಾಜನ್ನು ಬದಿಗೆ ಸರಿಸಿದ.

"ಏಳಿ. ಈಗಲೇ ಸರ್ವೇಯರ್ ಹತ್ರ ಹೋಗೋಣ."

ಸರ್ವೇಯರ್ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ತಪ್ಪು ನಂದಲ್ಲ ಅಂತ ಜಗಳ ಆಡೋರನ್ನ ದಿನಾ ನೋಡ್ತೀನಮ್ಮ. ನಂದೇ ಅಂತ ಹಟ ಹಿಡಿಯೋರನ್ನ ಇವತ್ತೇ ನೋಡಿದ್ದು!"

ಅವನ ಹೇಳಿಕೆ ವಾಪಸಾಯಿತು. ಅವಳ ಫಾರಮ್ಮಿನಲ್ಲಿ 'ಅಪಘಾತಕ್ಕೆ ಕಾರಣ' ಎಂಬಲ್ಲಿ ಅವಳು ಬರೆದದ್ದು ಎರಡೇ ಪದ. *ಗಮನ ತಪ್ಪಿತು.*

ಹೊರಗೆ ಬಂದು, ತಿರುಗಿ ನೋಡದೆ ಹೇಳಿದಳು. "ಇನ್ನು ನನ್ನೆದುರು ಬರಬೇಡಿ."

ಅವನು ಬರಲಿಲ್ಲ. ಹೇಳಿದ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸುವವನ ಮೇಲೆ ಅವಳಿಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ...!

ಸ್ಕೂಲು ಮುಚ್ಚಲಿಲ್ಲ. ಕಲಿಯುವ ಹೆಂಗಸರನ್ನೆಲ್ಲ ಸೇರಿಸಿ ಬ್ರೇಕಕ್ಕ ಕೇಳಿದಳು. "ನಿಮ್ಮ ಮನೆಗಳಲ್ಲಿ ಕಾರಿಲ್ವಾ?"

"ನಮ್ಮೆಜಮಾನ್ರು ಒರೆಸೋಕೆ ಮಾತ್ರ ಬಿಡ್ತಾರೆ ಅಕ್ಕ!"

"ಒರೆಸೋ ಕೈಗೆ ಓಡಿಸೋಕೂ ಬರುತ್ತೆ ಅಂತ ಹೇಳಿ. ಬರೋವಾಗ ಇನ್ಶೂರೆನ್ಸ್ ಕಾಗದ ತನ್ನಿ. ಕಲಿಯೋರು ಓಡಿಸಿದ್ರೂ ಸಲ್ಲುತ್ತೆ, ಸ್ವಂತ ಕಾರಿಗೂ ಕೊಡುತ್ತೆ ಅಂತ ಇದ್ರೆ ಮಾತ್ರ ನಾನು ಹತ್ತೋದು."

ಮೊದಲು ಬಂದದ್ದು ಟೀಚರಮ್ಮನ ಮನೆಯ, ಎರಡು ವರ್ಷದಿಂದ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಕಾರು. ಹೊಸ ಪಾಲಿಸಿಯ ಕಾಗದವನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ಎತ್ತಿ ಹಿಡಿದುಕೊಂಡೇ ಬಂದರು ಟೀಚರಮ್ಮ. ಪಕ್ಕದಲ್ಲಿ ಎರಡನೇ ಬ್ರೇಕಿಲ್ಲ. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ರಸ್ತೆಯ ಮೇಲೆ ಕಣ್ಣಿಟ್ಟು, ಮನಸ್ಸಿನಲ್ಲಿ ದೇವರನ್ನಿಟ್ಟುಕೊಂಡು ಬ್ರೇಕಕ್ಕ ಕಲಿಸಿದಳು. ಬೆಳಿಗ್ಗೆ ಮೂರು ಪಾಠ, ಸಂಜೆ ಮೂರು. ಏಳು ತಿಂಗಳು!

ಎಂಟನೇ ತಿಂಗಳು, ಆ ಪಾಠಗಳ ದುಡ್ಡಲ್ಲೇ ರಿಪೇರಿಯಾದ ಹಳದಿ ಕಾರು ಗ್ಯಾರೇಜಿನಿಂದ ಹೊರಬಂತು. ಅದು ಮೊದಲು ಹೋದದ್ದು ಫುಲ್ ಇನ್ಶೂರೆನ್ಸ್ ಮಾಡಿಸಲು. ಆಮೇಲೆ... ಗಾಜಿನಂಗಡಿಗೆ.

ಅವನು ಬಾಗಿಲಲ್ಲೇ ನಿಂತುಬಿಟ್ಟ.

"ನನ್ನ ಸೀಟಿನ ಪಕ್ಕಕ್ಕೆ ಒಂದು ಕನ್ನಡಿ ಬೇಕಿತ್ತು," ಅವಳೆಂದಳು. "ಹಿಂದೆ ಬರೋರು ಕಾಣೋ ಹಾಗೆ."

ಅವನು ಅಳತೆ ತೆಗೆದ, ಕೊಯ್ದ, ಅಂಚು ಉಜ್ಜಿದ, ಕೂರಿಸಿದ.

"ಟೀಚರಮ್ಮ ನಿನ್ನೆ ಒಬ್ಬರೇ ಓಡಿಸ್ಕೊಂಡು ಹೋದ್ರು," ಎಂದ ಮೆಲ್ಲಗೆ. "ಹಾರ್ನ್ ಹೊಡೆದು ಕೈ ಬೀಸಿದ್ರು."

"ಗೊತ್ತು. ನೀವು ಸೊರಗಿದ್ದೀರಿ ಅಂತ ಅವರೇ ಹೇಳಿದ್ದು."

ಅವನು ತಲೆಯೆತ್ತಿದ.

"ಅವತ್ತು ನೀವು ಹೇಳೋಕೆ ಬಂದು ಬಿಟ್ರಲ್ಲ... ಕರುಣೆ ಅಲ್ಲ ಅಂತ. ಮತ್ತೇನದು?"

"ಇನ್ನೂ ಕೇಳಬೇಕಾ?" ಅವನು ಅವಳತ್ತ ತಿರುಗಿದ. "ಎದುರು ಬರಬೇಡಿ ಅಂದ್ರಿ. ಏಳು ತಿಂಗಳು ನಿಮ್ಮ ಸ್ಕೂಲಿನ ಬೀದಿ ಬಿಟ್ಟು ಸುತ್ತು ಹಾಕ್ಕೊಂಡು ಗಾಜು ಮುಟ್ಟಿಸಿದೀನಿ. ಪ್ರೀತಿ ಇಲ್ಲದೋನು ಅಷ್ಟು ಡೀಸೆಲ್ ಸುಡ್ತಾನಾ?"

ನಗು, ಅಳು ಎರಡೂ ಒಟ್ಟಿಗೇ ಬಂದವು ಅವಳಿಗೆ.

"ನಾನೂ ಒಂದು ಮಾತು ಬಾಕಿ ಇಟ್ಟಿದ್ದೀನಿ. ಕಣ್ಣು ಎಲ್ಲಿಟ್ಟಿದ್ರಿ ಅಂತ ಕೇಳಿದ್ರಲ್ಲ..."

"ಆ ಮಾತು ಬಿಡಿ, ಕೋಪದಲ್ಲಿ..."

"ಬಿಡಲ್ಲ! ಕೇಳಿ. ನೀವು ಆ ಉದ್ದದ ಕನ್ನಡಿ ಹಿಡ್ಕೊಂಡು ನಿಂತಿದ್ರಿ. ಅಂಗಿ ತೋಳಿನಿಂದ ಒರೆಸಿ, ಅದರೊಳಗೆ ನೋಡಿ, ನಿಮಗೆ ನೀವೇ ನಕ್ಕಿರಿ. ನಾನು ಅದನ್ನ ನೋಡ್ತಿದ್ದೆ. ಒಂದೇ ಒಂದು ಉಸಿರು... ಅಷ್ಟಕ್ಕೇ ಕಾಲು ತಡವಾಯ್ತು."

ಅವನ ಮುಖದಲ್ಲಿ ಮೆಲ್ಲಗೆ ಅದೇ ನಗು ಮೂಡಿತು.

"ಹಾಗಾದ್ರೆ ಅರ್ಧ ತಪ್ಪು ನನ್ನದೂ ಇತ್ತು ಅನ್ನಿ."

"ಇಲ್ಲ! ಪೂರ್ತಿ ನನ್ನದೇ. ಅದರಲ್ಲಿ ಪಾಲು ಕೇಳಬೇಡಿ."

"ಮತ್ತೆ ಯಾವುದರಲ್ಲಿ ಕೇಳಲಿ?"

ಅವಳು ಸ್ಟಿಯರಿಂಗ್ ಹಿಂದೆ ಕೂತು, ಪಕ್ಕದ ಬಾಗಿಲು ಒಳಗಿನಿಂದಲೇ ತೆರೆದಳು.

"ಹತ್ತಿ. ಆದ್ರೆ ನಾನು ಓಡಿಸೋವಾಗ ನಗಬೇಡಿ."

"ಈಗ ಫುಲ್ ಇನ್ಶೂರೆನ್ಸ್ ಇದೆಯಲ್ಲ?"

"ಇದ್ರೂ ನಗಬೇಡಿ!"