ಪಟ್ಟಿಯ ನಾಲ್ಕನೇ ಕಾಲಂ

"ಬಂತು! ಬಂ…" ಎಂದು ಕೂಗಲು ಹೊರಟವಳು ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು.

ಎದುರಿಗಿದ್ದದ್ದು ಎರಡನೇ ನಂಬರಿನ ಮನೆಯ ಬಾಗಿಲು. ಒಳಗೆ ರಿಟೈರ್ಡ್ ಮೇಷ್ಟ್ರು ಟಿವಿಯಲ್ಲಿ ನ್ಯೂಸ್ ಹಾಕಿಕೊಂಡು, ನ್ಯೂಸ್ ಓದುವವನ ಜೊತೆ ಜಗಳವಾಡುತ್ತಿದ್ದರು. ಹೊರಗೆ ಮೆಟ್ಟಿಲ ಮೇಲೆ, ಅಮ್ಮನ ಫೋನು ಹಿಡಿದು ಕೂತಿದ್ದ ಹತ್ತು ವರ್ಷದ ಹುಡುಗಿ ಅವರ ವೈಫೈ ಒಳಗೆ ನುಗ್ಗಿಬಿಟ್ಟಿದ್ದಳು.

ಕದಿಯಬೇಕು ಅಂತಲ್ಲ. ಅವಳಿಗೊಂದು ಅನುಮಾನವಿತ್ತು, ಅಷ್ಟೇ. ಮೇಷ್ಟ್ರ ಮನೆಯಲ್ಲಿದ್ದದ್ದು ಹಸಿರು ಕಂಪನಿಯ ವೈಫೈ ಡಬ್ಬಿ. ಅಂಥದ್ದೇ ಡಬ್ಬಿ ಇವಳ ಮನೆಯಲ್ಲೂ ಇತ್ತು. ಇವಳ ಮನೆ ನಂಬರ್ ಒಂಬತ್ತು. ಪಾಸ್‌ವರ್ಡ್ ‘ವೆಲ್‌ಕಮ್’, ಅದರ ಮುಂದೆ ಒಂಬತ್ತು. ಹಾಗಾದರೆ ಮೇಷ್ಟ್ರ ಮನೆಗೆ ‘ವೆಲ್‌ಕಮ್’, ಅದರ ಮುಂದೆ ಎರಡು ಇರಬಹುದಾ? ಒತ್ತಿ ನೋಡಿದಳು. ಆಯಿತು! ಅವಳ ಕಂಪಾಸ್ ಬಾಕ್ಸಿನ ಮುಚ್ಚಳ ಕೂಡ ಇಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ.

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ವಕೀಲಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ನಾಲ್ಕನೇ ನಂಬರಿನ ಟೈಲರಮ್ಮ. ಹೊಲಿದ ಯೂನಿಫಾರ್ಮ್ ತರಲು ಹೋದಾಗ ಹುಡುಗಿ ಟೇಪು ಹಿಡಿದು, "ಕೆಳಗಡೆ ಎರಡು ಇಂಚು ಮಡಚಿ ಬಿಡ್ತೀನಿ ಅಂದಿದ್ರಿ. ಇಲ್ಲಿ ಒಂದೂವರೆನೇ ಇದೆಯಲ್ಲ ಆಂಟಿ?" ಎಂದು ಕೇಳಿದ್ದಳು.

ಟೈಲರಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು ಜೋರಾಗಿ ನಕ್ಕಿದ್ದರು. "ಅಬ್ಬಬ್ಬಾ! ಇವಳ ಮುಂದೆ ಸುಳ್ಳು ನಡೆಯಲ್ಲಪ್ಪ. ವಕೀಲಮ್ಮ ಇವಳು, ವಕೀಲಮ್ಮ!"

ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಅಮ್ಮ ಅಪ್ಪ ಇಟ್ಟ ಹೆಸರಿಗಿಂತ ಅವಳಿಗೆ ಇದೇ ಇಷ್ಟ.

ಈಗ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯವರು ತಿಂಗಳು ತಿಂಗಳು ದುಡ್ಡು ಕಟ್ಟುವ ಯಾವುದಾದರೂ ಒಂದನ್ನು ಆರಿಸಿಕೊಂಡು, ಮೂರು ಕಡೆ ವಿಚಾರಿಸಿ, ಹೋಲಿಸಿ ಪಟ್ಟಿ ಮಾಡಬೇಕು. ವಕೀಲಮ್ಮ ಇಂಟರ್‌ನೆಟ್ ಮತ್ತು ಟಿವಿ ಆರಿಸಿಕೊಂಡಳು. ಅದಕ್ಕೆ ಕಾರಣ ಚಿಕ್ಕಪ್ಪ.

ಚಿಕ್ಕಪ್ಪ ಎಂದರೆ ಅವಳಿಗೆ ಪ್ರಾಣ. ಅಪ್ಪ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಸೈಕಲ್ ಕಲಿಸಿದ್ದು ಚಿಕ್ಕಪ್ಪ, ಹಲ್ಲು ಬಿದ್ದಾಗ ನಗಿಸಿದ್ದು ಚಿಕ್ಕಪ್ಪ. ಹಾಲ್‌ನಲ್ಲಿದ್ದ ಸೋಫಾನೇ ಅವನ ರೂಮು. ಬೆಳಗ್ಗೆ ಎದ್ದು ಹಸಿರು ಟೀ ಶರ್ಟ್ ಹಾಕಿ, ಕತ್ತಿಗೆ ಕಾರ್ಡ್ ನೇತುಹಾಕಿಕೊಂಡು, ಮನೆ ಮನೆ ತಿರುಗಿ ಹಸಿರು ಕಂಪನಿಯ ಕನೆಕ್ಷನ್ ಮಾರುತ್ತಿದ್ದ. ಮಾತಿನ ಮಲ್ಲ. ಕಲ್ಲನ್ನೂ ಮಾತಾಡಿಸುತ್ತಿದ್ದ. ಆದರೆ ಕಲ್ಲು ಕನೆಕ್ಷನ್ ಹಾಕಿಸಿಕೊಳ್ಳುವುದಿಲ್ಲವಲ್ಲ!

ವಕೀಲಮ್ಮ ಪಟ್ಟಿಗೆ ನಾಲ್ಕು ಕಾಲಂ ಎಳೆದಳು. ತಿಂಗಳ ದರ. ಟಿವಿ ಚಾನೆಲ್ ಎಷ್ಟು. ಕೆಟ್ಟರೆ ರಿಪೇರಿಗೆ ಎಷ್ಟು ದಿನ. ಕೊನೆಯದು ಸೇಫ್ಟಿ.

ಕಿತ್ತಳೆ ಕಂಪನಿಯ ಅಂಗಡಿಗೆ ಹೋಗಿ, "ಪಾಸ್‌ವರ್ಡ್ ಯಾರು ಇಡ್ತಾರೆ?" ಎಂದು ಕೇಳಿದಳು. ಅಲ್ಲಿದ್ದ ಅಕ್ಕ, "ನೀವೇ ಇಡಬೇಕು. ಇಡೋವರೆಗೂ ನಮ್ಮ ಡಬ್ಬಿ ಸ್ಟಾರ್ಟೇ ಆಗಲ್ಲ," ಎಂದಳು. ಆದರೆ ದರ ಮಾತ್ರ ಜಾಸ್ತಿ. ಬೀದಿ ಮೂಲೆಯ ಕೇಬಲ್ ಅಂಗಡಿಯವನು ತಲೆ ಕೆರೆದುಕೊಂಡು, "ಚೀಟಿಯಲ್ಲಿ ಬರೆದುಕೊಟ್ಟು ನಾನೇ ಮರೆತುಬಿಡ್ತೀನಿ. ಅದಕ್ಕಿಂತ ಸೇಫ್ಟಿ ಇನ್ನೇನು ಬೇಕಮ್ಮ?" ಎಂದ. ಅದನ್ನೂ ಹಾಗೇ ಬರೆದುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಪಟ್ಟಿಯನ್ನು ಗಟ್ಟಿಯಾಗಿ ಓದಿದ.

"ಹಸಿರು ಕಂಪನಿ. ದರ, ಎಲ್ಲರಿಗಿಂತ ಕಡಿಮೆ. ಶಭಾಷ್! ಚಾನೆಲ್ ಜಾಸ್ತಿ. ಶಭಾಷ್! ರಿಪೇರಿ ಎರಡು ದಿನ, ಹೂಂ, ಪರವಾಗಿಲ್ಲ. ಸೇಫ್ಟಿ…" ಅವನ ದನಿ ಇಳಿಯಿತು. "‘ಸೇಫ್ಟಿ ಇಲ್ಲ. ಪಾಸ್‌ವರ್ಡ್ ಯಾರು ಬೇಕಾದರೂ ಊಹಿಸಬಹುದು. ನಾನೇ ಊಹಿಸಿದೆ.’ ಏನೇ ಇದು?"

"ನಿಜ ಚಿಕ್ಕಪ್ಪ! ಮೇಷ್ಟ್ರ ಮನೇದು ಒಂದೇ ಸಲಕ್ಕೆ ಓಪನ್ ಆಯ್ತು!"

ಶಭಾಷ್ ಎನ್ನುತ್ತಾನೆ ಎಂದು ಕಾದಳು. ಚಿಕ್ಕಪ್ಪ ತುತ್ತನ್ನು ತಟ್ಟೆಗೇ ಹಾಕಿದ.

"ನೋಡು ಪುಟ್ಟಿ, ಈ ತಿಂಗಳು ಹತ್ತು ಕನೆಕ್ಷನ್ ಆಗ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ. ಮೂರೇ ಆಗಿರೋದು. ಈ ಬಿಲ್ಡಿಂಗ್‌ನೋರು ನನ್ನ ಮಾತು ನಂಬಲ್ಲ. ನೀನು ಬರೆದಿದ್ದು ಅಂದ್ರೆ ನಂಬ್ತಾರೆ. ಆ ಒಂದು ಸಾಲು ಬದಲಾಯಿಸಿಬಿಡು."

"ಆದ್ರೆ ಅದು ಸುಳ್ಳಾಗುತ್ತಲ್ಲ?"

"ಯಾಕೆ ಸುಳ್ಳಾಗುತ್ತೆ? ಕನೆಕ್ಷನ್ ಆದಮೇಲೆ ಒಂದೊಂದು ಮನೆಗೂ ನಾನೇ ಹೋಗಿ ಪಾಸ್‌ವರ್ಡ್ ಬದಲಾಯಿಸ್ತೀನಿ. ಪ್ರಾಮಿಸ್! ಆಗ ನೀನು ಬರೆದಿದ್ದು ನಿಜಾನೇ ಆಗುತ್ತೆ. ಸ್ವಲ್ಪ ಮುಂಚೆ ಬರೀತೀಯ, ಅಷ್ಟೇ."

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಹಲ್ಲುಜ್ಜದೆ ಉಜ್ಜಿದೆ ಎಂದರೆ ಬಾಯಿ ತೆರೆಸಿ ಮೂಸಿ ನೋಡುವಂಥ ಅಮ್ಮ. ಆ ಅಮ್ಮ ಈಗ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವನ ಕೆಲಸದ ವಿಷಯ ಕಣೇ," ಎಂದಳು. "ಒಂದು ಸಾಲು ತಾನೆ."

ವಕೀಲಮ್ಮ ರಬ್ಬರ್ ತಗೊಂಡು ಉಜ್ಜಿದಳು. ಅಳಿಸಿದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: ‘ಪೂರ್ತಿ ಸೇಫ್.’

ಸ್ಕೂಲಿನಲ್ಲಿ ಅದಕ್ಕೆ ಸ್ಟಾರ್ ಸಿಕ್ಕಿತು. ಚಿಕ್ಕಪ್ಪ ಅದರ ಜೆರಾಕ್ಸ್ ಮಾಡಿಸಿ, ಸ್ಟಾರ್ ಕಾಣುವ ಹಾಗೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಾಗಿಲು ಬಾಗಿಲು ತಟ್ಟಿದ. ಟೈಲರಮ್ಮ ಮಾತ್ರ ಜೆರಾಕ್ಸ್ ಹಿಡಿದು ಮೂರು ಮಹಡಿ ಹತ್ತಿ ಬಂದರು. ಆಗ ಅವರಿಗೆ ಏದುಸಿರು.

"ಇದು ನೀನೇ ಬರೆದಿದ್ದೇನೇ ವಕೀಲಮ್ಮ?"

"ಹೂಂ ಆಂಟಿ."

"ಮೂರೂ ಕಡೆ ವಿಚಾರಿಸಿದ್ಯಾ?"

"ಹೂಂ."

"ಹಾಗಾದ್ರೆ ಸರಿ. ನಂಗೆ ಇಂಟರ್‌ನೆಟ್ ಗಟ್ಟಿ ಇರಬೇಕಮ್ಮ. ಆನ್‌ಲೈನ್ ಕ್ಲಾಸ್ ಶುರು ಮಾಡ್ತಿದ್ದೀನಿ. ಒಂಬತ್ತು ಜನ ಸೇರಿದ್ದಾರೆ!" ಒಂಬತ್ತು ಎನ್ನುವಾಗ ಅವರ ಮುಖ ಊರಗಲ ಆಯಿತು.

ತಿಂಗಳು ಮುಗಿಯುವುದರೊಳಗೆ ಹತ್ತಲ್ಲ, ಹನ್ನೊಂದು ಕನೆಕ್ಷನ್ ಆಯಿತು. ಚಿಕ್ಕಪ್ಪ ವಕೀಲಮ್ಮನನ್ನು ಎತ್ತಿ ಗಿರಗಿರ ತಿರುಗಿಸಿದ. ಕೆಳಗೆ ಇಳಿಸುತ್ತಿದ್ದ ಹಾಗೇ ಅವಳು ಕೇಳಿದಳು. "ಪಾಸ್‌ವರ್ಡ್ ಯಾವಾಗ ಬದಲಾಯಿಸ್ತೀಯ?"

"ನಾಳೆ."

ಮರುದಿನ ಕೇಳಿದರೂ ನಾಳೆ. ಅದರ ಮರುದಿನವೂ ನಾಳೆಯೇ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಬೇರೆಯವರ ಮನೆ.

ಟೈಲರಮ್ಮನ ಕ್ಲಾಸು ಸಂಜೆ ಐದಕ್ಕೆ. ಸ್ಟೂಲಿನ ಮೇಲೆ ಫೋನು, ಅದರ ಮುಂದೆ ಮೆಷಿನ್ನು, ಬೆನ್ನ ಹಿಂದೆ ಟಿವಿ. ವಕೀಲಮ್ಮ ಫೋನಿಗೆ ಕಾಣದ ಹಾಗೆ ನೆಲದ ಮೇಲೆ ಕೂತು, ಕೇಳಿದಾಗ ಕತ್ತರಿ, ಕೇಳಿದಾಗ ಸೀಮೆಸುಣ್ಣ ಕೊಡುತ್ತಿದ್ದಳು. ಎರಡನೇ ವಾರ, ಕಾಲರ್ ಕೂರಿಸುವುದನ್ನು ಹೇಳಿಕೊಡುತ್ತಿದ್ದಾಗ, ಯಾರೂ ಮುಟ್ಟದೆ ಟಿವಿ ತಾನಾಗಿ ಹೊತ್ತಿಕೊಂಡಿತು. ಯಾವುದೋ ಫೈಟಿಂಗ್ ಸಿನಿಮಾ. ಢಿಶುಂ ಢಿಶುಂ ಜೊತೆಗೆ ಕಿವಿ ಮುಚ್ಚಿಕೊಳ್ಳುವಂಥ ಬೈಗುಳ.

ಟೈಲರಮ್ಮ ಗಾಬರಿಯಲ್ಲಿ ರಿಮೋಟ್ ಹುಡುಕಿ ಆಫ್ ಮಾಡಿದರು. ಕೂತರು. ಮತ್ತೆ ಆನ್ ಆಯಿತು. ಫೋನಿನಲ್ಲಿ ಒಂಬತ್ತು ಮುಖಗಳು. ಒಂದಿಬ್ಬರು ನಕ್ಕರು. ಒಬ್ಬಾಕೆ, "ಮೇಡಮ್, ಮಕ್ಕಳು ಪಕ್ಕದಲ್ಲೇ ಕೂತಿದ್ದಾರೆ," ಎಂದು ಮುಖ ಸಿಂಡರಿಸಿ ಹೊರಗೆ ಹೋದಳು. ಮೇಲೆ ಟೆರೇಸಿನಲ್ಲಿ ದೊಡ್ಡ ಹುಡುಗರು ಬಿದ್ದು ಬಿದ್ದು ನಗುವುದು ಕಿಟಕಿಯಿಂದ ಕೇಳಿಸಿತು.

ವಕೀಲಮ್ಮನಿಗೆ ಎಲ್ಲ ಅರ್ಥವಾಯಿತು. ‘ವೆಲ್‌ಕಮ್’, ಅದರ ಮುಂದೆ ನಾಲ್ಕು. ವೈಫೈ ಒಳಗೆ ಬಂದವರು ಫೋನಿನಿಂದಲೇ ಟಿವಿಯಲ್ಲಿ ಏನು ಬೇಕಾದರೂ ಹಾಕಬಹುದು. ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಆಗ ಏನು ಹೇಳುವುದು? ಬಾಯಿ ಮುಚ್ಚಿಕೊಂಡಳು. ಅವಳಿಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು.

ಮನೆಗೆ ಓಡಿದಳು. "ಚಿಕ್ಕಪ್ಪ, ಈಗಲೇ ಬಾ! ಟೈಲರಮ್ಮ ಆಂಟಿ ಪಾಸ್‌ವರ್ಡ್ ಬದಲಾಯಿಸು!"

ಚಿಕ್ಕಪ್ಪ ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಿದ್ದ. ಕೈ ಎತ್ತಿ, ತಾಳು ಎಂದ. ಅವಳು ತಾಳಿದಳು. ಮಾತು ಮುಗಿಸಿದವನು ಬೂಟು ಹಾಕಿಕೊಂಡು ಹೊರಗೇ ಹೋಗಿಬಿಟ್ಟ.

ಅದು ಒಂದು ದಿನಕ್ಕೆ ನಿಲ್ಲಲಿಲ್ಲ. ಒಂಬತ್ತು ಜನ ಆರಾದರು, ಆರು ಜನ ಇಬ್ಬರಾದರು. ಆಮೇಲೆ ಸಂಜೆ ಐದಕ್ಕೆ ನಾಲ್ಕನೇ ನಂಬರಿನ ಮನೆಯಿಂದ ಮೆಷಿನ್ನಿನ ಸದ್ದು ಮಾತ್ರ ಬರುತ್ತಿತ್ತು. ಪಾಠದ ಸದ್ದು ಇಲ್ಲ. ವಕೀಲಮ್ಮ ಆ ಬಾಗಿಲನ್ನು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದಳು.

ಒಂದು ಭಾನುವಾರ ಚಿಕ್ಕಪ್ಪ ಸ್ನಾನ ಮಾಡಿ ಬಂದ. ಮೈಮೇಲೆ ಕಿತ್ತಳೆ ಬಣ್ಣದ ಟೀ ಶರ್ಟ್!

"ಹೊಸ ಕೆಲಸ!" ಎಂದು ಕಣ್ಣು ಮಿಟುಕಿಸಿದ. "ಆ ಹಸಿರು ಕಂಪನಿ ಬರೀ ಡಬ್ಬಾ ಕಣೇ. ಇವರೇ ವಾಸಿ." ಬಣ್ಣ ಬದಲಾಯಿಸಲು ಊಸರವಳ್ಳಿಗೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಅವಳ ಪಕ್ಕ ಕೂತು, ಪೆನ್ಸಿಲ್ ಚೂಪು ಮಾಡುತ್ತಾ ಹೇಳಿದ. "ನಿನ್ನ ಪಟ್ಟಿ ತೆಗಿ ಪುಟ್ಟಿ. ಹಸಿರು ಕಂಪನಿ ಸೇಫ್ಟಿ ಕಾಲಂನಲ್ಲಿ ಮೊದಲು ಏನೋ ಬರೆದಿದ್ಯಲ್ಲ, ಪಾಸ್‌ವರ್ಡ್ ಯಾರು ಬೇಕಾದ್ರೂ ಊಹಿಸಬಹುದು ಅಂತ, ಅದನ್ನೇ ವಾಪಸ್ ಬರೆ. ಟೈಲರಮ್ಮನ ಕತೆ ಕೇಳಿ ಎಲ್ಲರೂ ಹೆದರಿದ್ದಾರೆ. ಇದೇ ಒಳ್ಳೇ ಟೈಮು."

ಅವಳು ಅವನನ್ನೇ ನೋಡಿದಳು. "ಅವತ್ತು ಬೇಡ ಅಂದ್ಯಲ್ಲ?"

"ಅವತ್ತು ಬೇರೆ, ಇವತ್ತು ಬೇರೆ. ನಿಜ ತಾನೇ ಅದು? ನಿಜ ಬರೆಯೋಕೆ ಏನು ಕಷ್ಟ ನಿಂಗೆ?"

"ಅವತ್ತೂ ನಿಜಾನೇ ಆಗಿತ್ತು ಚಿಕ್ಕಪ್ಪ."

ಚಿಕ್ಕಪ್ಪ ನಕ್ಕು ಅವಳ ತಲೆ ಸವರಿದ. ಸೈಕಲ್ ಕಲಿಸುವಾಗ ಬಿದ್ದರೆ ಸವರುತ್ತಿದ್ದ ಹಾಗೆಯೇ ಸವರಿದ. ಅದೇ ಕೈ, ಅದೇ ನಗು. ಇಷ್ಟು ದಿನ ಆ ನಗು ತನಗೆ ಮಾತ್ರ ಎಂದುಕೊಂಡಿದ್ದಳು. ಬಾಗಿಲು ತೆರೆದವರಿಗೆಲ್ಲ ಅವನು ಹೀಗೆಯೇ ನಗುತ್ತಾನೆ ಎಂದು ಅವಳಿಗೆ ಈಗ ಹೊಳೆಯಿತು.

ಅವಳು ಪಟ್ಟಿ ತೆಗೆದಳು. ಆದರೆ ಬರೆಯಲಿಲ್ಲ. ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿದು ನಾಲ್ಕನೇ ನಂಬರಿನ ಬಾಗಿಲು ತಟ್ಟಿದಳು. ಚಪ್ಪಲಿ ಕಾಲಲ್ಲೇ ಇತ್ತು.

ಟೈಲರಮ್ಮ ಅರ್ಧ ಬಾಗಿಲು ತೆರೆದರು. ಒಳಗೆ ಹಸಿರು ಕಂಪನಿಯ ಡಬ್ಬಿ ವೈರು ಸುತ್ತಿಸಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಟಿವಿ ಹತ್ತಿರ ಮೂಲೆ ಅಂಗಡಿಯ ಕೇಬಲ್‌ನವನು ಮಂಡಿಯೂರಿ ಕೂತು ಹೊಸ ವೈರು ಎಳೆಯುತ್ತಿದ್ದ.

"ಆಂಟಿ, ನಿಮ್ಮ ಪಾಸ್‌ವರ್ಡ್…"

"ಗೊತ್ತಾಯ್ತು. ಈ ಕೇಬಲ್‌ನವನೇ ಹೇಳಿದ." ಅವರು ಅವಳ ಕೈಯಲ್ಲಿದ್ದ ಹಾಳೆ ನೋಡಿದರು. "ನಿಂಗೆ ಮೊದಲೇ ಗೊತ್ತಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಮಕ್ಕಳಿಗೇನು ಗೊತ್ತಾಗುತ್ತೆ ಎಂದು ಅವರೂ ಸುಮ್ಮನಾಗುತ್ತಿದ್ದರು.

"ಗೊತ್ತಿತ್ತು ಆಂಟಿ. ಮೊದಲು ಸರಿಯಾಗೇ ಬರೆದಿದ್ದೆ. ಆಮೇಲೆ ಅಳಿಸಿದೆ."

ಟೈಲರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಾಳೆ ತೆಗೆದುಕೊಂಡು ನಾಲ್ಕನೇ ಕಾಲಂ ಮೇಲೆ ಬೆರಳಾಡಿಸಿದರು. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದ ಜಾಗ ಹುಡುಕುವ ಬೆರಳು ಅದು. ಉಜ್ಜಿ ತೆಳುವಾದ ಜಾಗ ಅದಕ್ಕೆ ಸಿಕ್ಕಿತು.

"ನಿಮ್ಮ ಚಿಕ್ಕಪ್ಪ ಬಂದು ಸಾವಿರ ಸಲ ಹೇಳಿದ್ರೂ ನಾನು ಹಾಕಿಸ್ಕೋತಿರಲಿಲ್ಲ," ಎಂದರು. "ನಿನ್ನ ಅಕ್ಷರ ನೋಡಿ ಹಾಕಿಸ್ಕೊಂಡೆ."

ಹಾಳೆ ವಾಪಸ್ ಕೊಟ್ಟರು. ಬಾಗಿಲು ಹಾಕಿಕೊಂಡರು.

"ಯಾರಮ್ಮ ಅದು?" ಒಳಗಿನಿಂದ ಕೇಬಲ್‌ನವನು ಕೇಳಿದ್ದು ಕೇಳಿಸಿತು.

"ಯಾರೂ ಇಲ್ಲ. ಆ ಕನೆಕ್ಷನ್ ಮಾರ್ತಾನಲ್ಲ, ಅವನ ಅಣ್ಣನ ಮಗಳು."

ಹುಡುಗಿ ಹಾಳೆ ಮಡಚಿದಳು. ಅವಳು ಮೆಟ್ಟಿಲು ಹತ್ತತೊಡಗಿದಳು.

"ವಕೀಲಮ್ಮಾ!" ಮೇಲಿನಿಂದ ಚಿಕ್ಕಪ್ಪ ಕೂಗಿದ. "ಬರೆದಾಯ್ತೇನೇ ವಕೀಲಮ್ಮ?"

ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎನ್ನುವಂತೆ ಅವಳು ಒಂದು ಕ್ಷಣ ಹಿಂದೆ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಬೇರೆ ಯಾರೂ ಇರಲಿಲ್ಲ.